ರೆಕಾರ್ಡ್ ಮಾಡುವ ಡಿಶ್ ಪೆಟ್ಟಿಗೆಯನ್ನು ಮನೆಯ ನೆಟ್‌ವರ್ಕ್‌ಗೆ ಸೇರಿಸುವುದು: ಹಳೆಮನೆಯ ಪೆಟ್ಟಿಗೆ ಹೊಸಮನೆಯ ಟಿವಿಗೆ ಕಾಣುತ್ತಿಲ್ಲ

ಬದಿಯಡ್ಕ ತೋಟ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕೊಲ್ಲಿಯಲ್ಲಿರುವ ಭಾವ ರಜೆಗೆ ಬಂದಾಗ ಒಂದು ಸ್ಯಾಟಲೈಟ್ ರಿಸೀವರ್ ಕೊಟ್ಟು ಹೋಗಿದ್ದಾರೆ. ಒಳಗಿರುವುದು ಲಿನಕ್ಸ್ ಆಧಾರಿತ ಎನಿಗ್ಮಾ2 ತಂತ್ರಾಂಶ. ಹಿಂಬದಿಯಲ್ಲಿ ನೆಟ್‌ವರ್ಕ್ ವೈರು ಸಿಕ್ಕಿಸುವ ಒಂದು ಲ್ಯಾನ್ ಪೋರ್ಟ್, ಎರಡು ಯುಎಸ್‌ಬಿ. 1 ಟಿಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಮಾಡಿನ ಬದಿಯಲ್ಲಿ ಸುಮ್ಮನೆ ಕುಳಿತಿದ್ದ ಹಳೆಯ ಡಿಶ್ಶನ್ನು ಡಿಡಿ ಫ್ರೀ ಡಿಶ್ ಕಡೆಗೆ ತಿರುಗಿಸಿದ್ದೇವೆ. ಚಂದನ ಸ್ವಚ್ಛವಾಗಿ ಬರುತ್ತದೆ. ಹೊತ್ತು ಗೊತ್ತುಮಾಡಿ ಇಟ್ಟರೆ ತಾನಾಗಿ ರೆಕಾರ್ಡ್ ಆಗುತ್ತದೆ. ಅಪ್ಪನಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ, ಬೇಕಾಗಿರುವುದು ನಮಗೆ.

ಅಪ್ಪ-ಅಮ್ಮ ಇರುವುದು ಹಳೆಮನೆಯಲ್ಲಿ. ಫೈಬರ್ ಇಂಟರ್‌ನೆಟ್ ಬಂದಿರುವುದೂ ಅಲ್ಲಿಗೇ. ಪೆಟ್ಟಿಗೆಯನ್ನು ಅಲ್ಲಿಯ ರೌಟರಿಗೆ ಗಿಡ್ಡ ವೈರಿನಲ್ಲಿ ಸೇರಿಸಿದ್ದೇನೆ. ನಾವಿರುವ ಹೊಸಮನೆ ತೋಟದ ಈಚೆ, ನಡುವೆ 60 ಮೀಟರ್ ಇರಬಹುದು. ಅಡಿಕೆ ಮರಗಳಿಗೆ ಕಟ್ಟಿಕೊಂಡು ಒಂದು ಲ್ಯಾನ್ ಕೇಬಲ್ ತಂದು, ಇಲ್ಲಿ ಇನ್ನೊಂದು ರೌಟರಿಗೆ ಕೊಟ್ಟಿದ್ದೇವೆ. ಇಂಟರ್‌ನೆಟ್ ಎರಡೂ ಕಡೆ ಚೆನ್ನಾಗಿದೆ.

ತೊಂದರೆ ಇಷ್ಟು: ಹಳೆಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದರೆ ಪೆಟ್ಟಿಗೆಯ ಪುಟ ತೆರೆಯುತ್ತದೆ, ರೆಕಾರ್ಡಿಂಗ್‌ಗಳ ಪಟ್ಟಿ ಕಾಣುತ್ತದೆ. ಹೊಸಮನೆಯ ಟಿವಿಯಲ್ಲಾಗಲಿ, ಕಂಪ್ಯೂಟರಿನ ನೆಟ್‌ವರ್ಕ್ ಪಟ್ಟಿಯಲ್ಲಾಗಲಿ ಅದರ ಸುಳಿವೇ ಇಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ನೋಡಲೆಂದು ತಾಳಮದ್ದಳೆ, ಸಂಗೀತ, ಹಳೆಯ ನಾಟಕ ಎಲ್ಲ ಕೂಡಿಡುವ ಯೋಚನೆ. ಪೆನ್ ಡ್ರೈವ್ ಹಿಡಿದು ತೋಟದಲ್ಲಿ ಓಡಾಡುವುದನ್ನು ತಪ್ಪಿಸುವ ದಾರಿ ಯಾರಾದರೂ ಹೇಳಿ.


ಮಂಜೇಶ್ವರ ಲಿನಕ್ಸ್ · ಶನಿವಾರ ರಾತ್ರಿ

ಅಣ್ಣ, ಮೂರು ಸಂಗತಿ ಬೇಕು. ಪೆಟ್ಟಿಗೆಯ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಅಂಕಿ ವಿಳಾಸ, ಯಾವುದು? ಹೊಸಮನೆಯ ಕಂಪ್ಯೂಟರಿನದ್ದು ಯಾವುದು? ತೋಟದಿಂದ ಬಂದ ಕೇಬಲ್ ಎರಡನೆಯ ರೌಟರಿನ ಯಾವ ಪೋರ್ಟಿಗೆ ಹೋಗಿದೆ, ಬೇರೆ ಬಣ್ಣದ ಒಂಟಿ ಪೋರ್ಟಿಗೋ, ಸಾಲಾಗಿರುವ ನಾಲ್ಕರಲ್ಲಿ ಒಂದಕ್ಕೋ?


ಕುಂಬಳೆ ಪೇಟೆ · ಭಾನುವಾರ ಬೆಳಿಗ್ಗೆ

ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಬೇಸರಿಸಬೇಡಿ. ಯಕ್ಷಗಾನ ಬೇಕಾದರೆ ಯೂಟ್ಯೂಬಿನಲ್ಲಿ ರಾತ್ರಿ ಪೂರ್ತಿ ನೇರಪ್ರಸಾರವೇ ಇರುತ್ತದೆ. ನಮ್ಮಲ್ಲಿ ಹಣ ಕೊಟ್ಟು ನೋಡುವ ಡಿಟಿಎಚ್ ಇದೆ. ಅದರ ಪೆಟ್ಟಿಗೆಯಲ್ಲೂ ರೆಕಾರ್ಡ್ ಮಾಡಬಹುದು ಎಂದು ಹೇಳಿ ಮಾರಿದರು. ಹಾರ್ಡ್ ಡಿಸ್ಕ್ ಹಾಕಿ ಮನೆಯ ಗೃಹಪ್ರವೇಶದ ಸಂದರ್ಶನವೊಂದು ಟಿವಿಯಲ್ಲಿ ಬಂದದ್ದನ್ನು ಉಳಿಸಿಕೊಂಡಿದ್ದೆ. ಕಂಪ್ಯೂಟರಿಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳುತ್ತದೆ. ಪೆಟ್ಟಿಗೆ ಕೆಟ್ಟು ಹೊಸದು ಕೊಟ್ಟ ಮೇಲೆ ಅದರಲ್ಲೂ ತೆರೆಯಲಿಲ್ಲ. ಹೋದದ್ದು ಹೋಯಿತು.


ನೀರ್ಚಾಲು ಮಾಸ್ತರ್ · ಭಾನುವಾರ ಬೆಳಿಗ್ಗೆ

ಪೇಟೆಯವರೇ, ನಿಮ್ಮ ಪೆಟ್ಟಿಗೆಗೂ ತೋಟದವರ ಪೆಟ್ಟಿಗೆಗೂ ಹೊರನೋಟಕ್ಕೆ ಮಾತ್ರ ಸಾಮ್ಯ. ಹಣ ಕೊಟ್ಟು ನೋಡುವ ಡಿಟಿಎಚ್‌ನಲ್ಲಿ ವಾಹಿನಿಗಳು ಗೂಢಲಿಪಿಯಲ್ಲಿ ಬರುತ್ತವೆ. ಪೆಟ್ಟಿಗೆ ಅದನ್ನು ಬಿಡಿಸಿ ಪರದೆಗೆ ತೋರಿಸುತ್ತದೆ, ಡಿಸ್ಕಿಗೆ ಬರೆಯುವಾಗ ಮತ್ತೆ ಬೀಗ ಹಾಕಿಯೇ ಬರೆಯುತ್ತದೆ. ಆ ಬೀಗದ ಕೈ ಅದೇ ಪೆಟ್ಟಿಗೆಯ ಒಳಗಿರುತ್ತದೆ. ಪೆಟ್ಟಿಗೆ ಬದಲಾದರೆ ಹಳೆಯ ರೆಕಾರ್ಡಿಂಗ್ ತೆರೆಯದಿರುವುದು ಕೆಟ್ಟದ್ದರಿಂದಲ್ಲ, ಹಾಗೆಯೇ ಮಾಡಿರುವುದರಿಂದ. ಅಂಥ ಪೆಟ್ಟಿಗೆಗೆ ಲ್ಯಾನ್ ಪೋರ್ಟ್ ಇದ್ದರೂ ಅದು ಇಂಟರ್‌ನೆಟ್‌ನಿಂದ ಚಲನಚಿತ್ರ ಇಳಿಸಿಕೊಳ್ಳುವುದಕ್ಕೆ. ನಮ್ಮ ಕಂಪ್ಯೂಟರಿಗೆ ಫೈಲ್ ಕೊಡುವುದಕ್ಕೆ ಅಲ್ಲ. ಟಿವಿಗೆ ಹೋಗುವ ಎಚ್‌ಡಿಎಂಐ ತಂತಿಯಿಂದ ಹಿಡಿದುಕೊಳ್ಳೋಣ ಎಂದರೆ ಅಲ್ಲಿಯೂ ಎಚ್‌ಡಿಸಿಪಿ ಎಂಬ ಕಾವಲು ಇದೆ.

ಡಿಡಿ ಫ್ರೀ ಡಿಶ್ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಮಾಸಿಕ ಶುಲ್ಕ ಇಲ್ಲ. ಚಂದನ ಸೇರಿದಂತೆ ದೂರದರ್ಶನದ ವಾಹಿನಿಗಳು ಬೀಗವಿಲ್ಲದೆ ಬರುತ್ತವೆ. ಹೀಗೆ ಬಂದದ್ದನ್ನು ಎನಿಗ್ಮಾ2 ಪೆಟ್ಟಿಗೆ ಇದ್ದ ಹಾಗೆಯೇ ಟಿಎಸ್ ಫೈಲಾಗಿ ಡಿಸ್ಕಿಗೆ ಇಳಿಸುತ್ತದೆ. ವಿಎಲ್‌ಸಿ ಎಂಬ ವಿಡಿಯೊ ತೋರಿಸುವ ತಂತ್ರಾಂಶ ಇರುವ ಯಾವ ಕಂಪ್ಯೂಟರಿನಲ್ಲೂ ಓಡುತ್ತದೆ. ಯಾರೇ ಆಗಲಿ, ರೌಟರು, ವೈರು ಎಂದು ಹಣ ಸುರಿಯುವ ಮೊದಲು ಪೆನ್ ಡ್ರೈವಿಗೆ ಒಂದು ಸಣ್ಣ ರೆಕಾರ್ಡಿಂಗ್ ಮಾಡಿ, ಅದನ್ನು ಕಂಪ್ಯೂಟರಿಗೆ ಚುಚ್ಚಿ ನೋಡಬೇಕು. ಅಲ್ಲಿ ಓಡದ ಫೈಲು ನೆಟ್‌ವರ್ಕಿನ ಮೂಲಕ ಹೋದರೂ ಓಡುವುದಿಲ್ಲ.

ಯೂಟ್ಯೂಬಿನ ಮಾತಿಗೆ ಬಂದರೆ, ಅಲ್ಲಿ ಇಂದು ಇದ್ದದ್ದು ನಾಳೆ ಇರುತ್ತದೆ ಎಂಬ ಭರವಸೆ ನನಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಪ್ರಸಂಗ ಉಳಿಸಿಕೊಳ್ಳುವ ಆಸೆ ಯಾಕೆ ಎಂದು ನಾನು ಹೇಳಬೇಕೇ?


ಕುಂಬಳೆ ಪೇಟೆ · ಭಾನುವಾರ ಬೆಳಿಗ್ಗೆ

ಮಾಸ್ತರರೇ, ಒಪ್ಪಿದೆ. ಆದರೆ ಇದನ್ನು ಡಿಟಿಎಚ್ ಮಾರುವಾಗಲೇ ಹೇಳಬೇಕಿತ್ತು.


ಬದಿಯಡ್ಕ ತೋಟ · ಭಾನುವಾರ ಮಧ್ಯಾಹ್ನ

ಪೆಟ್ಟಿಗೆ 192.168.1.34. ಕಂಪ್ಯೂಟರ್ 192.168.0.102. ಕೇಬಲ್ ಹೋಗಿರುವುದು ನೀಲಿ ಬಣ್ಣದ ಒಂಟಿ ಪೋರ್ಟಿಗೆ. ಮಾಸ್ತರರು ಹೇಳಿದ ಪರೀಕ್ಷೆಯನ್ನೂ ಮಾಡಿದೆ, ಫೈಲು ವಿಎಲ್‌ಸಿಯಲ್ಲಿ ಸರಾಗವಾಗಿ ಓಡುತ್ತದೆ.


ಮಂಜೇಶ್ವರ ಲಿನಕ್ಸ್ · ಭಾನುವಾರ ಮಧ್ಯಾಹ್ನ

ನಿರೀಕ್ಷಿಸಿದ್ದು ಇದನ್ನೇ. ವಿಳಾಸದ ಮೂರನೆಯ ಅಂಕಿ ನೋಡಿ: ಅಲ್ಲಿ 1, ಇಲ್ಲಿ 0. ನಿಮ್ಮ ಎರಡನೆಯ ರೌಟರ್ ತನ್ನದೇ ಬೇರೆ ಸಂಸಾರ ಹೂಡಿದೆ. ಹೊಸಮನೆಯ ಸಾಧನಗಳಿಗೆ ತಾನೇ ವಿಳಾಸ ಹಂಚುತ್ತಿದೆ, ಹಳೆಮನೆಯ ರೌಟರನ್ನು ಹೊರಗಿನ ಇಂಟರ್‌ನೆಟ್ ಎಂದುಕೊಂಡಿದೆ. ಹೀಗಾಗಿ ಒಂದೇ ಮನೆತನದಲ್ಲಿ ಎರಡು ನೆಟ್‌ವರ್ಕ್.

ಪಟ್ಟಿಯಲ್ಲಿ ಕಾಣದಿರುವುದು ಬೇರೆ, ತಲುಪದಿರುವುದು ಬೇರೆ. ಹೊಸಮನೆಯ ಕಂಪ್ಯೂಟರಿನ ಬ್ರೌಸರಿನಲ್ಲಿ 192.168.1.34 ಎಂದು ನೇರವಾಗಿ ಹೊಡೆಯಿರಿ. ತೆರೆಯಬೇಕು. ಒಳಗಿನಿಂದ ಹೊರಕ್ಕೆ ಹೋಗುವ ದಾರಿ ರೌಟರಿಗೆ ಗೊತ್ತಿದೆ. ಆದರೆ ಬೇರೆ ಸಾಧನಗಳಲ್ಲಿರುವ ವಿಡಿಯೊ ಹುಡುಕಲು ಟಿವಿಗಳು ಬಳಸುವ ಡಿಎಲ್‌ಎನ್‌ಎ ಹಾಗಲ್ಲ. ಅದು ‘ಇಲ್ಲಿ ಯಾರಿದ್ದೀರಿ?’ ಎಂದು 239.255.255.250 ಎಂಬ ಸಮೂಹ ವಿಳಾಸಕ್ಕೆ, 1900ನೇ ಪೋರ್ಟಿಗೆ ಕೂಗು ಹಾಕುತ್ತದೆ. ಆ ಕೂಗು ರೌಟರಿನ ಗೋಡೆ ದಾಟುವುದಿಲ್ಲ. ಟಿವಿಯಲ್ಲಿ ವಿಳಾಸ ಬರೆಯುವ ಜಾಗವೂ ಇರುವುದಿಲ್ಲ. ಆದ್ದರಿಂದ ಎರಡು ನೆಟ್‌ವರ್ಕನ್ನು ಒಂದು ಮಾಡಲೇಬೇಕು.

ಎರಡನೆಯ ರೌಟರಿನ ಪುಟದಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ಹಳೆಯ ರೌಟರುಗಳಲ್ಲಿ ಅದಿರುವುದಿಲ್ಲ. ಆಗ ಹೀಗೆ ಮಾಡಿ, ಕ್ರಮ ತಪ್ಪಿಸಬೇಡಿ. ಮೊದಲು ನೀಲಿ ಪೋರ್ಟಿನಿಂದ ಕೇಬಲ್ ತೆಗೆಯಿರಿ. ರೌಟರಿನ ಲ್ಯಾನ್ ವಿಳಾಸವನ್ನು 192.168.1.2 ಮಾಡಿ ಉಳಿಸಿ. ಅದು ಒಮ್ಮೆ ಆರಿ ಹೊತ್ತಿಕೊಂಡ ಮೇಲೆ ಹೊಸ ವಿಳಾಸದಿಂದ ಒಳಗೆ ಹೋಗಿ, ವಿಳಾಸ ಹಂಚುವ ಡಿಎಚ್‌ಸಿಪಿ ನಿಲ್ಲಿಸಿ. ಕೊನೆಗೆ ತೋಟದ ಕೇಬಲನ್ನು ಸಾಲಿನ ನಾಲ್ಕು ಪೋರ್ಟುಗಳಲ್ಲಿ ಒಂದಕ್ಕೆ ಹಾಕಿ. ನೀಲಿ ಪೋರ್ಟ್ ಖಾಲಿ ಉಳಿಯಲಿ. ಇನ್ನು ಮೇಲೆ ಎಲ್ಲರಿಗೂ ವಿಳಾಸ ಕೊಡುವುದು ಹಳೆಮನೆಯ ರೌಟರ್ ಒಂದೇ.

ಅದೇ ಹಳೆಮನೆಯ ರೌಟರಿನಲ್ಲಿ ಪೆಟ್ಟಿಗೆಗೆ 192.168.1.34 ಅನ್ನು ಕಾಯಂ ಮಾಡಿಬಿಡಿ. ಇಲ್ಲವಾದರೆ ಕರೆಂಟು ಹೋಗಿ ಬಂದಾಗ ವಿಳಾಸ ಬದಲಾಗಿ ಮತ್ತೆ ಹುಡುಕಾಟ ಶುರು.


ಉಪ್ಪಳ ಕೇಬಲ್ · ಭಾನುವಾರ ಸಂಜೆ

ನಿಲ್ಲಿ, ನಿಲ್ಲಿ. ರೌಟರಿನ ಮಾತು ಆಮೇಲೆ. ಅಡಿಕೆ ಮರಕ್ಕೆ ಕಟ್ಟಿದ ತಾಮ್ರದ ಕೇಬಲ್ ಎಂದರಲ್ಲ, ಅದನ್ನು ಓದಿ ನನಗೆ ಚಹಾ ಇಳಿಯಲಿಲ್ಲ. ನಾನು ಕೇಬಲ್ ಕೆಲಸದಲ್ಲೇ ತಲೆ ನರೆಸಿದವನು. ನಮ್ಮ ಕಡೆ ಏಪ್ರಿಲ್-ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನಲ್ಲಿ ಸಿಡಿಲು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಸಿಡಿಲು ನೇರವಾಗಿ ವೈರಿಗೆ ಬೀಳಬೇಕಿಲ್ಲ. ಆಚೆ ತೋಟದ ತೆಂಗಿಗೆ ಬಿದ್ದರೂ 60 ಮೀಟರ್ ಉದ್ದದ ತಾಮ್ರದಲ್ಲಿ ವೋಲ್ಟೇಜು ಏರುತ್ತದೆ. ಎರಡು ಮನೆಗೆ ಎರಡು ಬೇರೆ ಅರ್ಥಿಂಗ್ ಇದ್ದರೆ ಇನ್ನೂ ಕೆಟ್ಟದು, ಒಂದು ಕಡೆಯ ನೆಲದ ವೋಲ್ಟೇಜು ಎದ್ದು ಇನ್ನೊಂದು ಕಡೆಗೆ ಓಡುವ ದಾರಿ ನಿಮ್ಮ ಲ್ಯಾನ್ ಕೇಬಲೇ. ಲ್ಯಾನ್ ಪೋರ್ಟಿನೊಳಗೆ 1500 ವೋಲ್ಟ್ ತಡೆಯುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ ನಿಜ. ಸಿಡಿಲಿನ ಮುಂದೆ ಅದು ಯಾವ ಲೆಕ್ಕ? ಎರಡೂ ರೌಟರು, ಭಾವ ತಂದ ಪೆಟ್ಟಿಗೆ, ಕಂಪ್ಯೂಟರು, ಎಲ್ಲ ಒಟ್ಟಿಗೆ ಹೋಗುತ್ತವೆ.

ಮನೆಯಿಂದ ಮನೆಗೆ ಫೈಬರ್ ಎಳೆಯಿರಿ. ಇಂಟರ್‌ನೆಟ್‌ಗೆ ತರುವ ಕಪ್ಪು ಡ್ರಾಪ್ ಕೇಬಲೇ ಸಾಕು. ಎರಡು ತುದಿಗೆ, ಫೈಬರಿನ ಬೆಳಕನ್ನು ಲ್ಯಾನ್ ಕೇಬಲಿಗೆ ಒಗ್ಗಿಸುವ ಎರಡು ಮೀಡಿಯಾ ಕನ್ವರ್ಟರ್. ಒಂದೇ ಎಳೆಯಲ್ಲಿ ಹೋಗಿ ಬರುವ ಬಗೆಯದ್ದನ್ನು ತೆಗೆದುಕೊಂಡರೆ ಅದು ‘ಎ’ ಮತ್ತು ‘ಬಿ’ ಎಂದು ಜೋಡಿಯಾಗಿಯೇ ಬರಬೇಕು: ಒಂದು 1310 ನ್ಯಾನೊಮೀಟರಿನಲ್ಲಿ ಕಳುಹಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ತಿರುಗುಮುರುಗು. ಎರಡೂ ‘ಎ’ ತಂದರೆ ದೀಪ ಹೊತ್ತುವುದಿಲ್ಲ. ತುದಿ ಕೂಡಿಸಲು ನಿಮ್ಮೂರಿನ ಇಂಟರ್‌ನೆಟ್ ಹುಡುಗರ ಬಳಿ ಸ್ಪ್ಲೈಸಿಂಗ್ ಯಂತ್ರ ಇರುತ್ತದೆ, ಅಷ್ಟು ಕೆಲಸಕ್ಕೆ ಕರೆದರೆ ಬರುತ್ತಾರೆ.

ಒಂದು ಎಚ್ಚರ. ಡ್ರಾಪ್ ಕೇಬಲಿನಲ್ಲಿ ತೂಗುಹಾಕಲು ಒಂದು ಉಕ್ಕಿನ ತಂತಿ ಇರುತ್ತದೆ. ಗೋಡೆಯ ಹೊರಗೇ ಅದನ್ನು ಸೀಳಿ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ತನ್ನಿ. ಅದನ್ನೂ ಒಳಗೆ ಎಳೆದರೆ ಫೈಬರ್ ಹಾಕಿದ ಪುಣ್ಯವೆಲ್ಲ ನೀರುಪಾಲು.

ಡಿಶ್ಶಿನ ವೈರು ಹೇಗೂ ತಾಮ್ರವೇ. ಗುಡುಗು ಶುರುವಾದರೆ ಪೆಟ್ಟಿಗೆಯ ಹಿಂದಿನ ಡಿಶ್ ವೈರನ್ನೂ ಪ್ಲಗ್ಗನ್ನೂ ತೆಗೆಯಲು ಅಪ್ಪನಿಗೆ ಹೇಳಿ. ಆ ಹೊತ್ತಿನ ರೆಕಾರ್ಡಿಂಗ್ ಹೋದರೆ ಹೋಗಲಿ.


ಮುಳ್ಳೇರಿಯ ಅಕ್ಕ · ಭಾನುವಾರ ರಾತ್ರಿ

ಫೈಬರು, ಕನ್ವರ್ಟರು ಎಂದು ಹೇಳುವ ಮೊದಲು ವೈಫೈ ಯಾಕೆ ಆಗುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಕರೆಂಟಿನ ವೈರಿನಲ್ಲೇ ನೆಟ್ ಕಳುಹಿಸುವ ಅಡಾಪ್ಟರುಗಳೂ ಸಿಗುತ್ತವಲ್ಲ?


ನೀರ್ಚಾಲು ಮಾಸ್ತರ್ · ಭಾನುವಾರ ರಾತ್ರಿ

ಅಕ್ಕಾ, ವೈಫೈಯಲ್ಲಿ ವಿಡಿಯೊ ಸಾಗಿಸುವುದನ್ನು ನಾನು ಎಂದೂ ಒಪ್ಪಿದವನಲ್ಲ. ನಮ್ಮ ಮನೆಗಳ ಗೋಡೆ ಮುರಕಲ್ಲಿನದು, ಅದರಲ್ಲೂ ಹಳೆಮನೆಯ ಗೋಡೆ ಒಂದೂವರೆ ಅಡಿ ದಪ್ಪ. ಮಳೆ ನೀರು ಕುಡಿದ ಮೇಲೆ ಕೇಳುವುದೇ ಬೇಡ.


ಮಂಜೇಶ್ವರ ಲಿನಕ್ಸ್ · ಭಾನುವಾರ ರಾತ್ರಿ

ಮಾಸ್ತರರ ಮೇಲೆ ಗೌರವವಿದ್ದರೂ ಇಲ್ಲಿ ಲೆಕ್ಕ ಹಾಕಿ ಮಾತನಾಡಬೇಕು. ಸಾಮಾನ್ಯ ಗುಣಮಟ್ಟದ ವಾಹಿನಿ ಸೆಕೆಂಡಿಗೆ 3 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಗಂಟೆಗೆ 1.35 ಜಿಬಿ ಆಯಿತು. ಎಚ್‌ಡಿ 8 ಮೆಗಾಬಿಟ್ ಎಂದರೂ ಗಂಟೆಗೆ 3.6 ಜಿಬಿ. ಇದನ್ನು ಸಾಗಿಸಲು ಬಡಕಲು ವೈಫೈ ಕೂಡ ಸಾಕು. ತೊಡಕಿರುವುದು ವೇಗದಲ್ಲಲ್ಲ, ನಡುನಡುವೆ ತುಂಡಾಗುವುದರಲ್ಲಿ. ಒಂದೇ ಮನೆಯೊಳಗೆ ರೌಟರ್ ಇರುವ ಕೋಣೆಯಲ್ಲೇ ಟಿವಿ ಇದ್ದರೆ ವೈಫೈಯಲ್ಲಿ ಧಾರಾಳವಾಗಿ ನೋಡಬಹುದು. ತೋಟದಾಚೆಯ ಎರಡು ಮನೆಗೆ ಅದು ಹೊಂದುವುದಿಲ್ಲ. ಮಾಡಿನಿಂದ ಮಾಡಿಗೆ ಎದುರುಬದುರು ಇಡುವ 5 ಗಿಗಾಹರ್ಟ್ಸ್ ಸಾಧನಗಳಿವೆ, ಸಿಡಿಲಿನ ದೃಷ್ಟಿಯಿಂದಲೂ ತಾಮ್ರಕ್ಕಿಂತ ವಾಸಿ. ಆದರೆ ನಡುವೆ ಏನೂ ಅಡ್ಡ ಬರಬಾರದು. ಇವರಲ್ಲಿ ಅಡ್ಡ ಬರುವುದೇ ಅಡಿಕೆ ಸೋಗೆ, ಅದೂ ಮಳೆಗಾಲದಲ್ಲಿ ಒದ್ದೆ ಸೋಗೆ.

ಕರೆಂಟಿನ ವೈರಿನ ಅಡಾಪ್ಟರ್ ಎರಡು ಮನೆಗೆ ಎರಡು ಮೀಟರ್ ಇದ್ದಲ್ಲಿ ನಂಬಬೇಡಿ. ಒಂದೇ ಮನೆಯಲ್ಲಿ ಕೂಡ ಒಂದು ಇನ್ವರ್ಟರಿನ ಸಾಲಿನಲ್ಲಿ, ಇನ್ನೊಂದು ನೇರ ಸಾಲಿನಲ್ಲಿ ಇದ್ದರೆ ಮುನಿಸಿಕೊಳ್ಳುತ್ತವೆ.


ಮುಳ್ಳೇರಿಯ ಅಕ್ಕ · ಭಾನುವಾರ ರಾತ್ರಿ

ಸರಿ, ಹಾಗಾದರೆ ನನ್ನ ಮನೆಗೆ ವೈಫೈ ಸಾಕು ಎಂದಾಯಿತು. ಮಾಸ್ತರರು ಕ್ಷಮಿಸಬೇಕು.


ಅಕ್ಕಲಕೋಟೆ ಅಂಚಿನವ · ಸೋಮವಾರ ಬೆಳಿಗ್ಗೆ

ಗಡಿಯ ಈ ತುದಿಯಿಂದ ನಮಸ್ಕಾರ. ನಮ್ಮ ಕೇಬಲಿನಲ್ಲಿ ಮರಾಠಿ, ಹಿಂದಿ ಬೇಕಾದಷ್ಟು. ಕನ್ನಡ ಕೇಳಿದರೆ ನಾಳೆ ಬಾ. ಅದಕ್ಕೇ ನಾವೂ ಫ್ರೀ ಡಿಶ್ ಹಾಕಿಸಿದ್ದೇವೆ. ಪೆಟ್ಟಿಗೆ ಸಂತೆಯಲ್ಲಿ ಸಿಗುವ ಅಗ್ಗದ್ದು. ಯುಎಸ್‌ಬಿ ಇದೆ, ಪೆನ್ ಡ್ರೈವಿಗೆ ರೆಕಾರ್ಡ್ ಆಗುತ್ತದೆ, ಲ್ಯಾನ್ ಪೋರ್ಟ್ ಇಲ್ಲ. ಉದ್ದದ ಕಾರ್ಯಕ್ರಮ ಎರಡು ಮೂರು ತುಂಡಾಗುತ್ತದೆ. ಇದನ್ನು ನೆಟ್‌ವರ್ಕ್‌ಗೆ ತರುವ ಉಪಾಯ ಇದೆಯೇ?


ನೀರ್ಚಾಲು ಮಾಸ್ತರ್ · ಸೋಮವಾರ ಬೆಳಿಗ್ಗೆ

ತುಂಡಾಗುವುದಕ್ಕೆ ಕಾರಣ ಪೆನ್ ಡ್ರೈವಿನಲ್ಲಿ ಫೈಲು ಜೋಡಿಸಿಡುವ ಎಫ್‌ಎಟಿ32 ವ್ಯವಸ್ಥೆ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಮೇಲೆ ಹೇಳಿದ 3 ಮೆಗಾಬಿಟ್ ಲೆಕ್ಕದಲ್ಲಿ ಮೂರು ಗಂಟೆಯ ಆಸುಪಾಸಿಗೆ ತುಂಡು. ಪೆಟ್ಟಿಗೆ ಒಪ್ಪುವುದಾದರೆ ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ವ್ಯವಸ್ಥೆಗೆ ಬದಲಿಸಿ ನೋಡಿ.

ಕೇಬಲಿನವರ ವಿಚಾರ: 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ವಾಹಿನಿ ಆರಿಸುವ ಹಕ್ಕು ನೋಡುಗನದು, ಹಣ ಕೊಟ್ಟು ನೋಡುವ ಪ್ರತಿ ವಾಹಿನಿಗೂ ಬೇರೆ ಬೆಲೆ. ‘ಈ ಪ್ಯಾಕ್ ಮಾತ್ರ’ ಎಂದರೆ ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡದಿದ್ದರೂ ಧ್ವನಿ ತಗ್ಗುತ್ತದೆ.


ಮಂಜೇಶ್ವರ ಲಿನಕ್ಸ್ · ಸೋಮವಾರ ಬೆಳಿಗ್ಗೆ

ಅಕ್ಕಲಕೋಟೆಯವರೇ, ಲ್ಯಾನ್ ಇಲ್ಲದ ಪೆಟ್ಟಿಗೆಗೆ ಲ್ಯಾನ್ ಹುಟ್ಟಿಸಲಾಗದು. ಸುಲಭದ ದಾರಿ: ರೌಟರಿಗೆ ಯುಎಸ್‌ಬಿ ಪೋರ್ಟ್ ಇದ್ದರೆ ರೆಕಾರ್ಡ್ ಆದ ಪೆನ್ ಡ್ರೈವನ್ನು ತಂದು ಅಲ್ಲಿ ಚುಚ್ಚಿ. ರೌಟರೇ ಅದನ್ನು ಮನೆಯವರಿಗೆಲ್ಲ ಹಂಚುತ್ತದೆ.

ಕೈಗೆ ಕೆಲಸ ಬೇಕು ಎನ್ನುವವರಾದರೆ ಪೆಟ್ಟಿಗೆಯನ್ನೇ ಬಿಟ್ಟುಬಿಡಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಉಪಗ್ರಹದ ಸಿಗ್ನಲ್ ಹಿಡಿಯುವ, ಲಿನಕ್ಸ್ ಗುರುತಿಸುವ ಡಿವಿಬಿ-ಎಸ್2 ಯುಎಸ್‌ಬಿ ಟ್ಯೂನರ್, ಒಂದು ಹಾರ್ಡ್ ಡಿಸ್ಕ್. ಅದರಲ್ಲಿ ಟಿವಿಹೆಡ್‌ಎಂಡ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಡಿಶ್ಶಿನ ವೈರು ನೇರವಾಗಿ ನೆಟ್‌ವರ್ಕಿಗೆ ಬಂದಂತೆ. ಬ್ರೌಸರಿನಲ್ಲಿ 9981ನೇ ಪೋರ್ಟಿನಲ್ಲಿ ಅದರ ಪುಟ, ಟಿವಿಯಲ್ಲಿ ಕೋಡಿ ಎಂಬ ವಿಡಿಯೊ ತಂತ್ರಾಂಶ ಹಾಕಿಕೊಂಡರೆ 9982ರ ಮೂಲಕ ವಾಹಿನಿಗಳೂ ರೆಕಾರ್ಡಿಂಗ್‌ಗಳೂ ಒಟ್ಟಿಗೆ ಬರುತ್ತವೆ. ಟ್ಯೂನರ್ ಕೊಳ್ಳುವ ಮೊದಲು ಲಿನಕ್ಸಿನಲ್ಲಿ ಅದಕ್ಕೆ ಚಾಲಕ ತಂತ್ರಾಂಶ ಇದೆಯೇ ಎಂದು ನೋಡಿಕೊಳ್ಳಿ, ವಿಂಡೋಸಿಗೆ ಮಾತ್ರ ಒಗ್ಗುವವು ಬಹಳ ಇವೆ. ಟ್ಯೂನರಿಗೆ ಅದರದೇ ಅಡಾಪ್ಟರ್ ಇರಲಿ. ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೂ ಟ್ಯೂನರೇ ಕರೆಂಟು ಕಳುಹಿಸಬೇಕು, ಪೈಯಿಂದ ಅಷ್ಟು ಎಳೆಯಲಾಗದು.


ಬದಿಯಡ್ಕ ತೋಟ · ಮಂಗಳವಾರ ರಾತ್ರಿ

ವರದಿ ಒಪ್ಪಿಸುತ್ತಿದ್ದೇನೆ. ವಿಳಾಸ ನೇರವಾಗಿ ಹೊಡೆದಾಗ ಲಿನಕ್ಸ್ ತಮ್ಮ ಹೇಳಿದಂತೆಯೇ ಪುಟ ತೆರೆಯಿತು. ಆಮೇಲೆ ಎರಡನೆಯ ರೌಟರನ್ನು ಹೇಳಿದ ಕ್ರಮದಲ್ಲಿ ಬದಲಿಸಿದೆ. ಈಗ ಕಂಪ್ಯೂಟರಿನ ವಿಳಾಸವೂ 192.168.1 ರಿಂದ ಶುರುವಾಗುತ್ತದೆ. ಪೆಟ್ಟಿಗೆಯ ಪುಟದಿಂದ ರೆಕಾರ್ಡಿಂಗ್ ಒತ್ತಿದರೆ ವಿಎಲ್‌ಸಿಯಲ್ಲಿ ಓಡುತ್ತದೆ. ಉಪ್ಪಳದಣ್ಣನ ಮಾತಿಗೆ ಹೆದರಿ, ಫೈಬರ್ ಬರುವವರೆಗೆ ತಾಮ್ರದ ಕೇಬಲನ್ನು ಸಂಜೆ ಎರಡೂ ಕಡೆಯಿಂದ ಕಳಚಿಡುತ್ತಿದ್ದೇವೆ.

ಉಳಿದಿರುವ ತೊಡಕು ಎರಡು. ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಹಂಚಿದ ಫೋಲ್ಡರ್ ತೆರೆಯುವುದಿಲ್ಲ, ವಿಂಡೋಸ್ 11 ಏನೋ ಸುರಕ್ಷತೆಯ ಮಾತು ಹೇಳಿ ಬಾಗಿಲು ಹಾಕುತ್ತದೆ. ಟಿವಿಯಲ್ಲಿ ಇನ್ನೂ ಏನೂ ಕಾಣುತ್ತಿಲ್ಲ.


ಮಂಜೇಶ್ವರ ಲಿನಕ್ಸ್ · ಮಂಗಳವಾರ ರಾತ್ರಿ

ಫೋಲ್ಡರಿನ ವಿಚಾರ: ಪೆಟ್ಟಿಗೆಯಲ್ಲಿ ಫೋಲ್ಡರ್ ಹಂಚುವ ಹಳೆಯ ಸಾಂಬಾ ತಂತ್ರಾಂಶ ಎಸ್‌ಎಂಬಿ1 ಎಂಬ ಹಳೆಯ ಭಾಷೆಯಲ್ಲಿ ಮಾತನಾಡುತ್ತಿರಬೇಕು. 2017ರ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದಲೇ ಅದನ್ನು ತಾನಾಗಿ ಹಾಕಿ ಕೊಡುವುದನ್ನು ನಿಲ್ಲಿಸಿದ್ದಾರೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶಕ್ಕೂ ತಡೆ ಇದೆ. ಕೆಲವರು ವಿಂಡೋಸಿನಲ್ಲಿ ಎಸ್‌ಎಂಬಿ1 ಮರಳಿ ಹಾಕಿಕೊಳ್ಳಿ ಎಂದು ಸಲಹೆ ಕೊಡುತ್ತಾರೆ. ಬೇಡ. 2017ರಲ್ಲೇ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನ ಕಂಪ್ಯೂಟರುಗಳಿಗೆ ನುಗ್ಗಿದ್ದು ಆ ಬಾಗಿಲಿನಿಂದ. ಪೆಟ್ಟಿಗೆಯ ತಂತ್ರಾಂಶವನ್ನು ಹೊಸದಕ್ಕೆ ಏರಿಸಿ, ಅದರ ಯಜಮಾನ ಖಾತೆಯಾದ ರೂಟ್‌ಗೆ ಪಾಸ್‌ವರ್ಡ್ ಕೊಡಿ, ಆ ಹೆಸರು-ಪಾಸ್‌ವರ್ಡಿನಿಂದ ಫೋಲ್ಡರ್ ತೆರೆಯಿರಿ. ಏರಿಸುವುದು ಬೇಡವೆಂದರೆ ಫೈಲ್‌ಜಿಲ್ಲಾ ತಂತ್ರಾಂಶ ಹಾಕಿಕೊಂಡು, ಫೈಲು ಸಾಗಿಸುವ ಎಫ್‌ಟಿಪಿ ದಾರಿಯಲ್ಲಿ ಎಳೆದುಕೊಳ್ಳಿ, ಮನೆಯೊಳಗೆ ಅಷ್ಟು ಸಾಕು.

ಅಲ್ಲಿ ಒಂದೊಂದು ಕಾರ್ಯಕ್ರಮಕ್ಕೂ ಒಂದು ದೊಡ್ಡ ಟಿಎಸ್ ಫೈಲು, ಅದೇ ಹೆಸರಿನ ನಾಲ್ಕಾರು ಚಿಕ್ಕ ಫೈಲುಗಳು ಇರುತ್ತವೆ: ಮೆಟಾ, ಇಐಟಿ, ಕಟ್ಸ್, ಎಪಿ, ಎಸ್‌ಸಿ. ಕಂಪ್ಯೂಟರಿನಲ್ಲಿ ನೋಡಲು ಟಿಎಸ್ ಒಂದೇ ಸಾಕು. ಮುಂದೆ ಮರಳಿ ಪೆಟ್ಟಿಗೆಗೆ ಹಾಕುವ ಯೋಚನೆ ಇದ್ದರೆ ಎಲ್ಲವನ್ನೂ ಒಟ್ಟಿಗೆ ಇಡಿ, ಕಾರ್ಯಕ್ರಮದ ಹೆಸರು, ವಿವರ, ಎಲ್ಲಿಗೆ ನಿಲ್ಲಿಸಿದ್ದಿರಿ ಎಂಬುದೆಲ್ಲ ಆ ಚಿಕ್ಕವುಗಳಲ್ಲಿದೆ.

ಟಿವಿಗೆ ಕಾಣಬೇಕಾದರೆ ಪೆಟ್ಟಿಗೆಯಲ್ಲಿ ಡಿಎಲ್‌ಎನ್‌ಎ ಬಡಿಸುವವರು ಒಬ್ಬರು ಬೇಕು. ಪ್ಲಗಿನ್ ಪಟ್ಟಿಯಲ್ಲಿ ಮಿನಿಡಿಎಲ್‌ಎನ್‌ಎ ಇದ್ದರೆ ಹಾಕಿ, ರೆಕಾರ್ಡಿಂಗ್ ಫೋಲ್ಡರನ್ನು ತೋರಿಸಿ. ಟಿವಿ ಯಾವ ವೈಫೈಯಲ್ಲಿದೆ ಎಂದೂ ನೋಡಿ. ‘ಗೆಸ್ಟ್’ ಎಂಬ ಹೆಸರಿನದ್ದರಲ್ಲಿ ಇದ್ದರೆ ರೌಟರ್ ಅದನ್ನು ಉಳಿದವರಿಂದ ಬೇರೆಯೇ ಇಟ್ಟಿರುತ್ತದೆ.


ಮುಳ್ಳೇರಿಯ ಅಕ್ಕ · ಬುಧವಾರ ಬೆಳಿಗ್ಗೆ

ಬೆಂಗಳೂರಿನಲ್ಲಿರುವ ಮಗಳಿಗೂ ಇದನ್ನು ತೋರಿಸಬಹುದೇ? ನಮ್ಮ ಪರಿಚಯದ ಹುಡುಗನೊಬ್ಬ ‘ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೆ ಎಲ್ಲಿಂದಲೂ ನೋಡಬಹುದು’ ಎಂದ.


ಮಂಜೇಶ್ವರ ಲಿನಕ್ಸ್ · ಬುಧವಾರ ಬೆಳಿಗ್ಗೆ

ಅಕ್ಕಾ, ದಯವಿಟ್ಟು ಬೇಡ. ಅದು ಹೊರಗಿನ ಇಂಟರ್‌ನೆಟ್‌ನಿಂದ ಪೆಟ್ಟಿಗೆಗೆ ನೇರ ಬಾಗಿಲು ತೆರೆದಂತೆ. ಇಂಥ ಪೆಟ್ಟಿಗೆಗಳು ಎಫ್‌ಟಿಪಿ, ಟೆಲ್‌ನೆಟ್, ಜಾಲಪುಟ ಎಲ್ಲವನ್ನೂ ತೆರೆದಿಟ್ಟು ಕುಳಿತಿರುತ್ತವೆ, ಹಲವದರಲ್ಲಿ ಪಾಸ್‌ವರ್ಡ್ ಕೂಡ ಇರುವುದಿಲ್ಲ. ಹೊರಗಿನಿಂದ ಬಾಗಿಲು ತಟ್ಟುವ ಯಂತ್ರಗಳು ಹಗಲಿರುಳು ಸುತ್ತುತ್ತಿರುತ್ತವೆ. ಇಬ್ಬರ ನಡುವೆ ಮಾತ್ರ ಗುಪ್ತ ದಾರಿ ಹಾಕುವ ವಯರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ತಂತ್ರಾಂಶ ಬಳಸಿ. ಮಗಳ ಲ್ಯಾಪ್‌ಟಾಪಿನಲ್ಲಿ ಒಂದು, ಮನೆಯಲ್ಲಿ ಸದಾ ಹೊತ್ತಿರುವ ಯಾವುದಾದರೂ ಕಂಪ್ಯೂಟರಿನಲ್ಲಿ ಒಂದು. ಹಲವು ಫೈಬರ್ ಸಂಪರ್ಕಗಳಲ್ಲಿ ನಿಮ್ಮದೇ ಆದ ಸಾರ್ವಜನಿಕ ವಿಳಾಸ ಇರುವುದಿಲ್ಲ, ನೂರಾರು ಮನೆಗಳಿಗೆ ಒಂದೇ. ಅಲ್ಲಿ ಪೋರ್ಟ್ ಫಾರ್ವರ್ಡ್ ಕೆಲಸ ಮಾಡುವುದೂ ಇಲ್ಲ, ಟೇಲ್‌ಸ್ಕೇಲ್ ಮಾಡುತ್ತದೆ.


ನೀರ್ಚಾಲು ಮಾಸ್ತರ್ · ಬುಧವಾರ ಬೆಳಿಗ್ಗೆ

ಮಗಳಿಗೆ ತೋರಿಸಿ, ಊರಿಗೆಲ್ಲ ಹಂಚಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಖಾಸಗಿ ಬಳಕೆಗೆ ಅವಕಾಶವಿದೆ. ರೆಕಾರ್ಡ್ ಮಾಡಿದ್ದನ್ನು ನಿಮ್ಮ ಹೆಸರಿನ ಚಾನೆಲಿಗೆ ಏರಿಸುವುದು ಅದರಲ್ಲಿ ಬರುವುದಿಲ್ಲ. ಭಾಗವತರ ಹಾಡನ್ನು ಹೀಗೆ ಏರಿಸಿ ‘ಲೈಕ್’ ಎಣಿಸುವವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.


ಬದಿಯಡ್ಕ ತೋಟ · ಶುಕ್ರವಾರ ರಾತ್ರಿ

ಟಿವಿಯಲ್ಲಿ ಬಂತು. ಅದು ಗೆಸ್ಟ್ ವೈಫೈಯಲ್ಲೇ ಇತ್ತು, ಹಾಕಿಕೊಟ್ಟವರು ಹಾಗೆ ಬಿಟ್ಟುಹೋಗಿದ್ದರು. ಫೈಬರ್ ಕೂಡ ಬಂತು, ಉಕ್ಕಿನ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿಸಿದೆ.

ಈಗ ಎರಡು ಚಿಕ್ಕ ಪ್ರಶ್ನೆ. ಕೆಲವು ರೆಕಾರ್ಡಿಂಗ್‌ಗಳು ತಡವಾಗಿ ಶುರುವಾಗಿ ಕೊನೆಯ ಭಾಗ ಇಲ್ಲದೆ ಮುಗಿಯುತ್ತವೆ. ಇನ್ನೊಂದು, ಜೋರು ಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಜೊತೆಗೆ ಅಪ್ಪ ಒಂದು ವಾಹಿನಿ ನೋಡುತ್ತಿರುವಾಗ ನಾವು ಇನ್ನೊಂದನ್ನು ರೆಕಾರ್ಡ್‌ಗೆ ಹಾಕಬಹುದೇ?


ಮಂಜೇಶ್ವರ ಲಿನಕ್ಸ್ · ಶುಕ್ರವಾರ ರಾತ್ರಿ

ಪೆಟ್ಟಿಗೆಯ ಗಡಿಯಾರ ನೋಡಿ. ಉಪಗ್ರಹದಿಂದ ಬರುವ ಸಮಯವನ್ನು ಬಿಟ್ಟು ಇಂಟರ್‌ನೆಟ್ ಸಮಯ, ಅಂದರೆ ಎನ್‌ಟಿಪಿ ಆರಿಸಿ. ಈಗ ನೆಟ್‌ವರ್ಕ್‌ನಲ್ಲಿ ಇದೆಯಲ್ಲ, ಅದರ ಲಾಭ ಇದೂ ಒಂದು. ಶುರುವಿಗೆ ಐದು ನಿಮಿಷ ಮುಂಚೆ, ಮುಗಿದ ಮೇಲೆ ಹತ್ತು ನಿಮಿಷ ಎಂದು ಸೇರಿಸಿಡಿ.

ಒಂದೇ ಟ್ಯೂನರ್ ಇರುವ ಪೆಟ್ಟಿಗೆಯಾದರೆ ಎರಡು ವಾಹಿನಿಗಳೂ ಒಂದೇ ಟ್ರಾನ್ಸ್‌ಪಾಂಡರಿನಲ್ಲಿ, ಅಂದರೆ ಉಪಗ್ರಹದ ಒಂದೇ ಪ್ರಸಾರ ಘಟಕದಲ್ಲಿ, ಬರುತ್ತಿರಬೇಕು. ಫ್ರೀ ಡಿಶ್‌ನಲ್ಲಿ ಒಂದು ಟ್ರಾನ್ಸ್‌ಪಾಂಡರಿಗೆ ಹಲವು ವಾಹಿನಿಗಳಿವೆ, ಹಾಗಾಗಿ ಅದೃಷ್ಟವಿದ್ದರೆ ಆಗುತ್ತದೆ. ರೆಕಾರ್ಡ್ ನಡೆಯುತ್ತಿರುವಾಗ ವಾಹಿನಿ ಪಟ್ಟಿ ತೆರೆದರೆ ನೋಡಲಾಗದವು ಮಸುಕಾಗಿ ಕಾಣುತ್ತವೆ, ಅಪ್ಪನಿಗೆ ಅಷ್ಟು ತೋರಿಸಿಕೊಡಿ. ಮಸುಕಾದದ್ದನ್ನು ಒತ್ತಿ ‘ರೆಕಾರ್ಡ್ ನಿಲ್ಲಿಸಲೇ?’ ಎಂಬುದಕ್ಕೆ ಹೌದು ಎಂದರೆ ನಿಮ್ಮ ತಾಳಮದ್ದಳೆ ಅರ್ಧಕ್ಕೇ ಮಂಗಳ ಹಾಡುತ್ತದೆ.


ಉಪ್ಪಳ ಕೇಬಲ್ · ಶನಿವಾರ ಬೆಳಿಗ್ಗೆ

ಮಳೆಯಲ್ಲಿ ಒಡೆಯುವುದು ಡಿಶ್ ಪ್ರಸಾರ ಬರುವ ಕೆಯು ಬ್ಯಾಂಡ್ ತರಂಗಗಳ ಹಣೆಬರಹ. ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದು. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ನಮ್ಮ ಕಾಸರಗೋಡಿನಿಂದ ನೋಡಿದರೆ ಅದು ಉತ್ತರದಿಂದ ಪ್ರದಕ್ಷಿಣೆಯಾಗಿ ಸುಮಾರು 123 ಡಿಗ್ರಿ, ಅಂದರೆ ಆಗ್ನೇಯ. ನೆಲದಿಂದ ಸುಮಾರು 64 ಡಿಗ್ರಿ ಎತ್ತರ. ಸಾಕಷ್ಟು ನೆತ್ತಿಯ ಕಡೆಗೇ ಇದೆ, ಆದ್ದರಿಂದ ದೂರದ ಮರ ಅಡ್ಡ ಬರುವುದಿಲ್ಲ, ಮಾಡಿಗೆ ತಾಗಿ ನಿಂತ ತೆಂಗಿನ ಗರಿ ಬರುತ್ತದೆ. ಬಿಸಿಲಿರುವ ದಿನ ಪೆಟ್ಟಿಗೆಯ ಸಿಗ್ನಲ್ ಪುಟ ತೆರೆದಿಟ್ಟು, ಅದನ್ನು ಮೊಬೈಲಿನಲ್ಲಿ ನೋಡುತ್ತಾ ಡಿಶ್ಶನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ, ಗುಣಮಟ್ಟದ ಅಂಕಿ ಅತಿ ಹೆಚ್ಚಾದಲ್ಲಿ ಬಿಗಿಯಿರಿ. ಮುಂಚೆ ಒಬ್ಬ ಮಾಡಿನ ಮೇಲೆ, ಒಬ್ಬ ಟಿವಿಯ ಮುಂದೆ ನಿಂತು ಕೂಗಾಡಬೇಕಿತ್ತು.

ಇನ್ನೊಂದು ಮಾತು, ತೋಟ ಇರುವವರಿಗೆ ಮಾತ್ರ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಡಿಶ್ಶಿಗೂ ಎಲ್‌ಎನ್‌ಬಿಗೂ ಒಂದು ಪ್ಲಾಸ್ಟಿಕ್ ಹೊದಿಸಿ. ಅದರಲ್ಲಿರುವ ಮೈಲುತುತ್ತು ಬಿದ್ದ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ, ವೈರಿನ ತುದಿಯ ಕನೆಕ್ಟರು ಮೊದಲು ಹೋಗುತ್ತದೆ. ಕೆಲಸ ಮುಗಿದ ಮೇಲೆ ಹೊದಿಕೆ ತೆಗೆಯಲು ಮರೆಯಬೇಡಿ, ‘ಸಿಗ್ನಲ್ ಇಲ್ಲ’ ಎಂದು ನನಗೆ ಕರೆ ಬರುತ್ತದೆ.


ಅಕ್ಕಲಕೋಟೆ ಅಂಚಿನವ · ಶನಿವಾರ ಬೆಳಿಗ್ಗೆ

ಪೈ ತರಿಸುತ್ತಿದ್ದೇನೆ. ಹಾರ್ಡ್ ಡಿಸ್ಕನ್ನು ಯಾವ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಲಿ? ನಮ್ಮಲ್ಲಿ ಕರೆಂಟು ಹೇಳದೆ ಹೋಗುತ್ತದೆ.


ಮಂಜೇಶ್ವರ ಲಿನಕ್ಸ್ · ಶನಿವಾರ ಬೆಳಿಗ್ಗೆ

ಎಕ್ಸ್ಟ್4. ಅದು ಬರೆಯುವುದಕ್ಕೆ ಮೊದಲು ದಿನಚರಿ ಇಟ್ಟುಕೊಳ್ಳುತ್ತದೆ, ನಡುವೆ ಕರೆಂಟು ಹೋದರೂ ಡಿಸ್ಕ್ ಪೂರ್ತಿ ಹಾಳಾಗುವ ಭಯ ಕಡಿಮೆ. ಪೈ, ಟ್ಯೂನರ್, ರೌಟರ್ ಮೂರನ್ನೂ ಒಂದು ಚಿಕ್ಕ ಯುಪಿಎಸ್‌ಗೆ ಹಾಕಿ. ಡಿಸ್ಕಿಗೆ ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಕೊಡಿ. ಟಿವಿಹೆಡ್‌ಎಂಡ್ ಹಾಕುವಾಗ ಎಲ್ಲಿ ಸಿಕ್ಕಿಬಿದ್ದಿರಿ ಎಂದು ಇಲ್ಲೇ ಬರೆಯಿರಿ. ಎಲ್‌ಎನ್‌ಬಿ ಬಗೆ ಕೇಳಿದಾಗ ‘ಯೂನಿವರ್ಸಲ್’, 9750 ಮತ್ತು 10600 ಎಂದು ಕೊಡಿ.